ಕೈಗೆಟುಕದ ಬೋಲ್ಟು

ರೋಹಿಣಿ ಮಳೆ ಇನ್ನೂ ಹುಟ್ಟಿರುವುದಿಲ್ಲ. ಆದರೆ ಶಿರೋಳ ತಾಲೂಕಿನ ನದಿದಂಡೆಯ ಊರುಗಳಲ್ಲಿ ಮಹಾಪೂರದ ಮಾತು ಆಗಲೇ ಆರಂಭವಾಗಿರುತ್ತದೆ. ಮೇವನ್ನು ಎತ್ತರದ ಜಾಗದಲ್ಲಿ ಒಟ್ಟುವುದು, ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು, ದನಕರುಗಳನ್ನು ಎಲ್ಲಿಗೆ ಸಾಗಿಸಬೇಕೆಂದು ಬೀಗರೊಡನೆ ಮಾತನಾಡಿಡುವುದು ಇಲ್ಲಿಯ ಬೇಸಿಗೆಯ ಕೆಲಸಗಳೇ ಆಗಿವೆ. ದಾನೋಳಿ ವಾರಣೆಯ ದಂಡೆಯ ಊರು. ವಾರಣೆಯು ಸಾಂಗಲಿಯ ಬಳಿಯ ಹರಿಪುರದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಇನ್ನೂ ಕೆಳಗೆ ನರಸೋಬಾವಾಡಿಯಲ್ಲಿ ಪಂಚಗಂಗೆಯೂ ಕೃಷ್ಣೆಗೆ ಬಂದು ಸೇರುತ್ತದೆ. ಕೃಷ್ಣೆಯೇ ತುಂಬಿ ಹರಿಯುವಾಗ ಉಪನದಿಗಳ ನೀರಿಗೆ ಮುಂದೆ ಹೋಗಲು ದಾರಿಯಿಲ್ಲದೆ ಅದು ಹೊಲಗದ್ದೆಗಳಿಗೆ, ಓಣಿಗಳಿಗೆ ಹೊರಳುತ್ತದೆ. 2005, 2019 ಮತ್ತು 2021ರ ಮಳೆಗಾಲಗಳನ್ನು ಈ ಸೀಮೆಯ ಮಕ್ಕಳೂ ಲೆಕ್ಕ ತಪ್ಪದೆ ಹೇಳಬಲ್ಲರು.

ಅಂಥ ದಿನಗಳಲ್ಲಿ ಎಲ್ಲರ ಕಣ್ಣು ದೋಣಿಯ ಮೇಲಿರುತ್ತದೆ. 2019ರ ಆಗಸ್ಟ್ 8ರಂದು ನೆರೆಯ ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಜನರನ್ನು ಹೊತ್ತ ದೋಣಿ ಮಗುಚಿ ಹಲವರು ಪ್ರಾಣ ಕಳೆದುಕೊಂಡದ್ದನ್ನು ನದಿದಂಡೆಯ ಯಾರೂ ಮರೆತಿಲ್ಲ. ಎಲ್ಲಿಯೇ ಆಗಲಿ, ಎರಡು ದೋಣಿಗಳಿರಬೇಕಾದಲ್ಲಿ ಒಂದು ಕೆಟ್ಟು ನಿಂತರೆ ಜನ ಇನ್ನೊಂದಕ್ಕೇ ನುಗ್ಗುತ್ತಾರೆ. ಆದುದರಿಂದ ದೋಣಿ ಇದೆಯೋ ಇಲ್ಲವೋ ಎಂದು ಕೇಳಿದರೆ ಸಾಲದು. ಅದರ ಎಂಜಿನ್ ಓಡುತ್ತದೆಯೋ ಇಲ್ಲವೋ ಎಂದು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಕೆಲವೊಮ್ಮೆ ಒಂದೇ ಒಂದು ಬೋಲ್ಟಿನಲ್ಲಿ ಅಡಗಿರುತ್ತದೆ.

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ ಎಂಜಿನ್ನಿಗೆ ಔಟ್‌ಬೋರ್ಡ್ ಎಂದು ಹೆಸರು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ ಎಂಬವನು ಮಿಲ್ವಾಕಿ ನಗರದಲ್ಲಿ 1909ರಿಂದ ಇದನ್ನು ತಯಾರಿಸಿ ಮಾರಲು ತೊಡಗಿದ ಬಳಿಕ ಇದು ಲೋಕದ ತುಂಬ ಹರಡಿತು. ಕರ್ನಾಟಕದ ಕರಾವಳಿಯ ನಾಡದೋಣಿಗಳು ಇದೇ ಎಂಜಿನ್ನಿನ ಬಲದಿಂದ ಕಡಲಿಗೆ ಇಳಿಯುತ್ತವೆ. ಪ್ರವಾಹದ ಸಮಯದಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು ತರುವ ಗಾಳಿ ತುಂಬಿದ ರಬ್ಬರ್ ದೋಣಿಗಳ ಹಿಂದೆಯೂ ಇದೇ ಇರುತ್ತದೆ. ಆದರೆ ಕರಾವಳಿಯ ಎಂಜಿನ್ನಿಗೂ ಈ ಸೀಮೆಯ ಎಂಜಿನ್ನಿಗೂ ದೊಡ್ಡದೊಂದು ಅಂತರವಿದೆ. ಅಲ್ಲಿಯದು ದುಡಿಯುತ್ತಲೇ ಇರುತ್ತದೆ, ಅದರ ದೋಷಗಳು ಅಂದಂದೇ ತಿಳಿಯುತ್ತವೆ. ಇಲ್ಲಿಯದು ವರ್ಷದ ಹನ್ನೊಂದು ತಿಂಗಳು ಗೋದಾಮಿನಲ್ಲಿ ಮಲಗಿದ್ದು, ಎದ್ದ ದಿನವೇ ಜೀವ ಉಳಿಸಬೇಕಾಗುತ್ತದೆ.

ದಾನೋಳಿಯ ಕಡೆಯ ಒಂದು ಸಣ್ಣ ವರ್ಕ್‌ಶಾಪಿಗೆ ಮೇ ತಿಂಗಳ ಒಂದು ಮಧ್ಯಾಹ್ನ ಇಂಥದೊಂದು ಎಂಜಿನ್ ಬಂತು. ಟ್ರ್ಯಾಕ್ಟರ್ ಮತ್ತು ನೀರೆತ್ತುವ ಪಂಪುಗಳ ದುರಸ್ತಿಯಲ್ಲಿಯೇ ತಲೆ ನರೆತ ಮಿಸ್ತ್ರಿಗೆ ಅದು ಹೊಸ ಬಗೆಯ ಕೆಲಸ. ಎಂಜಿನ್ ತಂದವರು ಹೇಳಿದ್ದು ಇಷ್ಟೇ: ಹಿಂದಿನ ಪೂರದಲ್ಲಿ ಓಡುತ್ತ ಓಡುತ್ತ ಕಾದು, ನಡುಹೊಳೆಯಲ್ಲಿ ನಿಂತುಬಿಟ್ಟಿತ್ತು. ಹುಟ್ಟು ಹಾಕಿ ದಡ ಸೇರಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಮಿಸ್ತ್ರಿ ಕಾರಣವನ್ನು ಊಹಿಸಿದನು. ಔಟ್‌ಬೋರ್ಡ್ ಎಂಜಿನ್ನಿಗೆ ಕಾರಿನಂತೆ ರೇಡಿಯೇಟರ್ ಇರುವುದಿಲ್ಲ. ತಾನು ಮುಳುಗಿರುವ ಹೊಳೆಯ ನೀರನ್ನೇ ಹೀರಿಕೊಂಡು ಅದು ತಣ್ಣಗಾಗುತ್ತದೆ. ಆ ನೀರನ್ನು ಮೇಲಕ್ಕೆ ತಳ್ಳುವುದು ಕೆಳಗಿನ ಗೇರುಪೆಟ್ಟಿಗೆಯ ಮೇಲೆ ಕುಳಿತಿರುವ, ರಬ್ಬರಿನ ಎಸಳುಗಳುಳ್ಳ ಒಂದು ಪುಟ್ಟ ಚಕ್ರ. ಅದಕ್ಕೆ ಇಂಪೆಲ್ಲರ್ ಎನ್ನುತ್ತಾರೆ. ಪೂರದ ನೀರು ಬರಿ ನೀರಲ್ಲ, ಅದು ಹೊಲದ ಮಣ್ಣನ್ನೂ ಮರಳನ್ನೂ ಹೊತ್ತಿರುತ್ತದೆ. ಅದು ರಬ್ಬರನ್ನು ಉಜ್ಜಿ ಸವೆಸುತ್ತದೆ. ನೀರಿನ ಹೊರಗೆ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿದರೂ ಆ ಎಸಳುಗಳು ಒಣಗಿ ಸುಟ್ಟುಹೋಗುತ್ತವೆ. ಎಂಜಿನ್ ಓಡುವಾಗ ಹಿಂಬದಿಯಿಂದ ತೆಳ್ಳಗೆ ಚಿಮ್ಮುವ ನೀರಿನ ಧಾರೆಯೇ ಈ ಚಕ್ರ ಬದುಕಿದೆಯೆಂಬುದಕ್ಕೆ ಗುರುತು. ಆ ಧಾರೆ ನಿಂತರೆ ಎಂಜಿನ್ನನ್ನು ಆ ಕ್ಷಣವೇ ಆರಿಸಬೇಕು.

ಚಕ್ರವನ್ನು ನೋಡಬೇಕಾದರೆ ಎಂಜಿನ್ನಿನ ಕೆಳಗಿನ ಕಾಲನ್ನು ಕಳಚಬೇಕು. ಎರಡೂ ಬದಿಯಲ್ಲಿ ಕಾಣುವ ಬೋಲ್ಟುಗಳೆಲ್ಲ ಬಿಚ್ಚಿದವು, ಗೇರಿನ ಕೊಂಡಿಯೂ ಬಿಚ್ಚಿತು. ಆದರೂ ಕಾಲು ಕೆಳಗಿಳಿಯಲಿಲ್ಲ. ಮುಂದಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿತು, ಹಿಂದಿನ ಅಂಚು ಕಚ್ಚಿಕೊಂಡೇ ಇತ್ತು. ಸಹಾಯಕ ಹುಡುಗನು ಸುತ್ತಿಗೆಯನ್ನು ಕೈಗೆತ್ತಿಕೊಂಡನು.

“ಮಿಸ್ತ್ರಿ ಮಾಮಾ, ಒಂದೆರಡ ಏಟ ಹಾಕ್ಲೇನ್ರಿ?”

“ಬ್ಯಾಡೋ. ಎಲ್ಲೋ ಇನ್ನೊಂದು ಬೋಲ್ಟ ಹಿಡಕೊಂಡ ಕುಂತೈತಿ. ಅದನ್ನ ಕಾಣೂತನಕ ಸುತ್ತಿಗಿ ಎತ್ತಬ್ಯಾಡ.”

ಆ ಮಾತು ಎಂಜಿನ್ನನ್ನು ಉಳಿಸಿತು. ಅಲ್ಯೂಮಿನಿಯಮ್ಮಿನ ಆ ಕವಚಕ್ಕೆ ಏಟು ಬಿದ್ದಿದ್ದರೆ ಬೋಲ್ಟು ಬಿಚ್ಚುವ ಬದಲು ಕವಚವೇ ಸೀಳುತ್ತಿತ್ತು. ಕನ್ನಡ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ ಮುಗಿಸಿ ರಜೆಯಲ್ಲಿದ್ದ ಮಿಸ್ತ್ರಿಯ ಮೊಮ್ಮಗನು ಬ್ಯಾಟರಿ ಹಿಡಿದು ಸುತ್ತಲೂ ನೋಡುತ್ತಿದ್ದನು. ಹಿಂಬದಿಯಲ್ಲಿ, ಪಂಖದಿಂದ ಸಾಕಷ್ಟು ಮೇಲೆ, ಕೆಸರು ಮೆತ್ತಿಕೊಂಡಿದ್ದ ಒಂದು ಗುಂಡನೆಯ ಗುರುತು ಅವನ ಬೆರಳಿಗೆ ತಾಗಿತು.

“ಅಜ್ಜಾ, ಇಲ್ಲೊಂದ ರಬ್ಬರ ಬೂಚ ಐತಿ, ನೋಡು.”

ಬೂಚು ತೆಗೆದಾಗ ಉದ್ದನೆಯ ಕತ್ತಲೆಯ ಕೊಳವೆಯೊಂದು ಕಂಡಿತು. ಅದರ ತಳದಲ್ಲಿ ಒಂದು ಬೋಲ್ಟಿನ ತಲೆ. ಹಲವು ಮಾದರಿಯ ಔಟ್‌ಬೋರ್ಡುಗಳಲ್ಲಿ ರಚನೆ ಹೀಗೆಯೇ ಇರುತ್ತದೆ. ಪಂಖದ ಮೇಲ್ಗಡೆ ಇರುವ ಚಿಕ್ಕ ರೆಕ್ಕೆಯನ್ನು ಹಿಡಿದಿರುವ ಬೋಲ್ಟು ಆ ಕೊಳವೆಯ ತಳದಲ್ಲಿರುತ್ತದೆ. ರೆಕ್ಕೆಯನ್ನು ತೆಗೆದರೆ ಅದರ ಅಡಿಯಲ್ಲಿ ಕೊನೆಯ ಬೋಲ್ಟು ಕಾಣುತ್ತದೆ. ರೆಕ್ಕೆಯನ್ನು ತೆಗೆಯುವ ಮುನ್ನ ಅದು ಯಾವ ಕೋನದಲ್ಲಿತ್ತೆಂದು ಗೆರೆ ಎಳೆದು ಗುರುತು ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಮುಂದೆ ದೋಣಿ ಒಂದು ಬದಿಗೆ ಎಳೆಯುತ್ತದೆ.

ಬೋಲ್ಟು ಕಂಡಿತು, ಆದರೆ ಕೈಗೆಟುಕಲಿಲ್ಲ. ವರ್ಕ್‌ಶಾಪಿನ ಪೆಟ್ಟಿಗೆಯಲ್ಲಿದ್ದ ಬಾಯಿ ತೆರೆದ ಪಾನಾಗಳೂ ರಿಂಗ್ ಪಾನಾಗಳೂ ಕೊಳವೆಯೊಳಗೆ ಹೋಗುವಂತಿರಲಿಲ್ಲ. ಉದ್ದನೆಯ ಕಬ್ಬಿಣದ ಸಲಾಕೆಗೆ ಹಳೆಯ ಪಾನಾವೊಂದರ ತಲೆಯನ್ನು ಬೆಸುಗೆ ಹಾಕೋಣವೆಂದು ಸಹಾಯಕನು ಹೇಳಿದನು. ಹಳ್ಳಿಯ ವರ್ಕ್‌ಶಾಪುಗಳಲ್ಲಿ ಈ ಜಾಣ್ಮೆಗೆ ಕೊರತೆಯಿಲ್ಲ, ಹಲವು ಕಡೆ ಅದು ಸಲ್ಲುತ್ತದೆ ಕೂಡ. ಆದರೆ ಕಣ್ಣಿಗೆ ಕಾಣದ ಆಳದಲ್ಲಿ, ತುಕ್ಕು ಹಿಡಿದ ಬೋಲ್ಟಿನ ಮೇಲೆ ಅದು ಅಪಾಯದ ಪ್ರಯೋಗ. ಬೋಲ್ಟಿನ ಆರು ಮೂಲೆಗಳು ಒಮ್ಮೆ ಸವೆದು ದುಂಡಗಾದರೆ ಆಮೇಲೆ ಕೊರೆದು ತೆಗೆಯುವುದೊಂದೇ ದಾರಿ. ಮಿಸ್ತ್ರಿ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಬೋಲ್ಟಿನ ಮೇಲೆ ತುಕ್ಕು ಬಿಡಿಸುವ ಎಣ್ಣೆ ಹನಿಸಿ, ಮರುದಿನ ಬೆಳಗಿನ ಬಸ್ಸಿಗೆ ಇಚಲಕರಂಜಿಗೆ ಹೋದನು.

ಅವನು ತಂದದ್ದು ಮೂರು ವಸ್ತುಗಳು: ಆರು ಮೂಲೆಯ ಒಂದು ಸಾಕೆಟ್, ಅದನ್ನು ಆಳಕ್ಕೆ ಇಳಿಸಲು ಒಂದು ಉದ್ದನೆಯ ಎಕ್ಸ್‌ಟೆನ್ಷನ್ ಸಲಾಕೆ, ತಿರುಗಿಸಲು ಒಂದು ರ‍್ಯಾಚೆಟ್ ಹಿಡಿಕೆ. ಹನ್ನೆರಡು ಮೂಲೆಯ ಸಾಕೆಟ್ ಬೇಗ ಕೂರುತ್ತದೆ. ಆದರೆ ಅದು ಬೋಲ್ಟಿನ ಮೂಲೆಗಳನ್ನು ಹಿಡಿಯುತ್ತದೆ. ಆರು ಮೂಲೆಯದು ಬೋಲ್ಟಿನ ಚಪ್ಪಟೆ ಬದಿಗಳನ್ನು ಹಿಡಿಯುವುದರಿಂದ ತುಕ್ಕು ಹಿಡಿದಲ್ಲಿ ಅದೇ ಲೇಸು. ರ‍್ಯಾಚೆಟ್ಟಿನೊಳಗೆ 72 ಹಲ್ಲುಗಳಿದ್ದರೆ ಹಿಡಿಕೆಯನ್ನು ಕೇವಲ 5 ಅಂಶ ಆಡಿಸಿದರೂ ಬೋಲ್ಟು ತಿರುಗುತ್ತದೆ. 36 ಹಲ್ಲುಗಳಿದ್ದರೆ 10 ಅಂಶ ಜಾಗ ಬೇಕು. ಇಕ್ಕಟ್ಟಿನಲ್ಲಿ ಕೆಲಸ ಮಾಡುವವನಿಗೆ ಆ 5 ಅಂಶವೇ ದೊಡ್ಡ ಬಯಲು.

ಅಳತೆಯಲ್ಲಿಯೂ ಎಚ್ಚರ ಬೇಕು. ಜಪಾನಿನ ಎಂಜಿನ್ನುಗಳ ಬೋಲ್ಟುಗಳು ಮಿಲಿಮೀಟರ್ ಅಳತೆಯವು. ಅಮೆರಿಕದ ಹಳೆಯ ಎಂಜಿನ್ನುಗಳಲ್ಲಿ ಇಂಚಿನ ಬೋಲ್ಟುಗಳಿರುತ್ತವೆ. ಅರ್ಧ ಇಂಚೆಂದರೆ 12.7 ಮಿಲಿಮೀಟರ್. ಅದರ ಮೇಲೆ 13ರ ಸಾಕೆಟ್ ಸುಲಭವಾಗಿ ಕೂರುತ್ತದೆ, ಸರಿಯಾಗಿಯೇ ಇದೆಯೆಂಬ ಭ್ರಮೆ ಹುಟ್ಟಿಸುತ್ತದೆ, ಬಲ ಹಾಕಿದೊಡನೆ ಜಾರಿ ಮೂಲೆಗಳನ್ನು ತಿನ್ನುತ್ತದೆ. ಸಡಿಲವಾಗಿ ಕೂರುವ ಪಾನಾ, ಕೂರದೇ ಇರುವ ಪಾನಾಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

ಮೊಮ್ಮಗನಿಗೆ ಒಂದು ಸಂದೇಹ ಬಂತು. ಹಿಡಿಕೆ ಉದ್ದವಾದಷ್ಟೂ ತಿರುಗಿಸುವ ಬಲ ಹೆಚ್ಚುತ್ತದೆಂದು ಶಾಲೆಯಲ್ಲಿ ಕಲಿತಿದ್ದನು. ಹಾಗಾದರೆ ಈ ಉದ್ದನೆಯ ಸಲಾಕೆಯಿಂದಲೂ ಬಲ ಹೆಚ್ಚಬೇಕಲ್ಲವೆ? ಹೆಚ್ಚುವುದಿಲ್ಲ. ಬಲ ಹೆಚ್ಚುವುದು ಬೋಲ್ಟಿನ ಅಕ್ಷದಿಂದ ಅಡ್ಡಲಾಗಿ ಕೈ ದೂರವಾದಾಗ. ಎಕ್ಸ್‌ಟೆನ್ಷನ್ ಅಕ್ಷದ ಉದ್ದಕ್ಕೇ ನಿಲ್ಲುತ್ತದೆ. ಆದುದರಿಂದ ಅದು ಬಲವನ್ನು ಹೆಚ್ಚಿಸದೆ, ಆಳಕ್ಕೆ ಒಯ್ದು ಮುಟ್ಟಿಸುತ್ತದೆ, ಅಷ್ಟೇ. ಅಜ್ಜನು ಹಿಡಿಕೆಯ ತುದಿಯನ್ನು ಹಿಡಿದು, ಎಳೆಯದೆ, ನಿಧಾನವಾಗಿ ಭಾರ ಬಿಟ್ಟನು. ರಾತ್ರಿಯೆಲ್ಲ ಎಣ್ಣೆ ಕುಡಿದಿದ್ದ ಬೋಲ್ಟು ಒಮ್ಮೆ ಕಿರ್ರೆಂದು ಸಡಿಲಿತು.

ಕಾಲು ಕೆಳಗಿಳಿದಾಗ ಕಂಡದ್ದು ಊಹಿಸಿದಂತೆಯೇ ಇತ್ತು. ಚಕ್ರದ ಎಸಳುಗಳಲ್ಲಿ ಎರಡು ಮುರಿದಿದ್ದವು, ಉಳಿದವು ಬಾಗಿ ಗಟ್ಟಿಯಾಗಿದ್ದವು. ಮುರಿದ ತುಂಡುಗಳನ್ನು ಹುಡುಕಿ ತೆಗೆಯುವವರೆಗೆ ಮಿಸ್ತ್ರಿ ಹೊಸ ಚಕ್ರ ಕೂರಿಸಲಿಲ್ಲ. ಅವು ನೀರಿನ ದಾರಿಯಲ್ಲಿ ಉಳಿದರೆ ಹೊಸ ಚಕ್ರವಿದ್ದೂ ಎಂಜಿನ್ ಕಾಯುತ್ತದೆ. ಬಿಚ್ಚಿದ ಬೋಲ್ಟುಗಳನ್ನು ಹುಡುಗನು ರಟ್ಟಿನ ಹಾಳೆಯ ಮೇಲೆ ಎಂಜಿನ್ನಿನ ಚಿತ್ರ ಬರೆದು, ಆಯಾ ಸ್ಥಳದಲ್ಲಿ ಚುಚ್ಚಿ ಇಟ್ಟಿದ್ದನು. ಉಕ್ಕಿನ ಬೋಲ್ಟು ಅಲ್ಯೂಮಿನಿಯಮ್ಮಿನಲ್ಲಿ ನೀರಿನ ನಡುವೆ ಕುಳಿತರೆ ಎರಡೂ ಲೋಹಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಹಾಗಾಗದಂತೆ ಎಳೆಗಳಿಗೆ ತಕ್ಕ ಗ್ರೀಸ್ ಸವರಿ ಒಂದೊಂದನ್ನೂ ಮರಳಿ ಬಿಗಿದರು. ನೀರು ತುಂಬಿದ ಡ್ರಮ್ಮಿನಲ್ಲಿ ಕಾಲನ್ನು ಇಳಿಸಿ ಎಂಜಿನ್ ಚಾಲೂ ಮಾಡಿದಾಗ ಹಿಂಬದಿಯಿಂದ ತೆಳ್ಳನೆಯ ಧಾರೆ ಚಿಮ್ಮಿತು.

ಇಲ್ಲಿ ಕಾನೂನಿನ ಒಂದು ಮಾತನ್ನು ನೆನೆಯುವುದು ಯುಕ್ತ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 41ನೆಯ ಕಲಮು ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳನ್ನು ಹೇಳುತ್ತದೆ. ತಮ್ಮ ನೌಕರರಿಗೆ ತರಬೇತಿ ಇರಬೇಕು, ವಿಪತ್ತಿಗೆ ಸಂಬಂಧಿಸಿದ ಸಾಧನ ಸಾಮಗ್ರಿಗಳು ಬೇಕಾದ ಗಳಿಗೆಯಲ್ಲಿ ಕೂಡಲೇ ಬಳಕೆಗೆ ಒದಗುವಂತೆ ಸುಸ್ಥಿತಿಯಲ್ಲಿರಬೇಕು ಎಂಬುದು ಅದರ ಸಾರ. ಸ್ಥಳೀಯ ಸಂಸ್ಥೆ ಎಂಬ ಪದದಲ್ಲಿ ಪಂಚಾಯತಿಗಳೂ ಸೇರುತ್ತವೆಂದು ಅದೇ ಕಾಯ್ದೆಯ ಎರಡನೆಯ ಕಲಮು ಹೇಳುತ್ತದೆ. ದಪ್ತರದಲ್ಲಿ ‘ದೋಣಿ ಒಂದು, ಎಂಜಿನ್ ಒಂದು’ ಎಂದು ಬರೆದರೆ ಕಾಯ್ದೆಯ ಆ ಮಾತು ಪೂರ್ಣವಾಗುವುದಿಲ್ಲ. ಆ ಎಂಜಿನ್ನಿನ ಕೊನೆಯ ಬೋಲ್ಟಿಗೆ ಮುಟ್ಟುವ ಸಾಕೆಟ್ ಯಾವ ಪೆಟ್ಟಿಗೆಯಲ್ಲಿದೆ, ಚಕ್ರವನ್ನು ಕಡೆಯ ಸಲ ಬದಲಿಸಿದ್ದು ಯಾವಾಗ, ಬದಲಿಸಲು ಬಲ್ಲವರು ಯಾರು ಎಂಬ ಮೂರು ಸಾಲುಗಳನ್ನೂ ಬರೆದಾಗ ಅದು ಪೂರ್ಣವಾಗುತ್ತದೆ.

ದೋಣಿಯಿರುವ ಊರಿನ ಪಾಲಕರು ಗ್ರಾಮಸಭೆಯಲ್ಲಿ ಈ ಮೂರು ಪ್ರಶ್ನೆಗಳನ್ನು ಕೇಳಬಹುದು. ಕೇಳಲು ಯಂತ್ರಜ್ಞಾನ ಬೇಕಾಗಿಲ್ಲ. ಎಂಜಿನ್ನಿಗೆ ತೆತ್ತ ಹಣದ ಮುಂದೆ ಒಂದು ಸಾಕೆಟ್, ಒಂದು ಸಲಾಕೆ, ಒಂದು ಹಿಡಿಕೆಯ ಬೆಲೆ ಏನೂ ಅಲ್ಲ. ಅಷ್ಟಾದರೂ ಅವು ಪೆಟ್ಟಿಗೆಯಲ್ಲಿ ಇರುವುದಿಲ್ಲ. ಏಕೆಂದರೆ ಕೈಗೆಟುಕದ ಬೋಲ್ಟನ್ನು ಬಿಚ್ಚುವ ಗೋಜಿಗೆ ಯಾರೂ ಹೋಗಿರುವುದಿಲ್ಲ. ಸುಲಭವಾಗಿ ಸಿಗುವ ಭಾಗಗಳಿಗೆ ಪ್ರತಿ ವರ್ಷವೂ ಎಣ್ಣೆ ಬೀಳುತ್ತದೆ, ಬಣ್ಣವೂ ಬೀಳುತ್ತದೆ. ಒಳಗಿನ ರಬ್ಬರ್ ಚಕ್ರ ಮಾತ್ರ ಹಾಗೆಯೇ ಮುಪ್ಪಾಗಿ, ಕಡೆಗೆ ನಡುಹೊಳೆಯಲ್ಲಿ ಕೈಕೊಡುತ್ತದೆ.

ಆ ಎಂಜಿನ್ನನ್ನು ಒಯ್ಯಲು ಬಂದವರಿಗೆ ಮಿಸ್ತ್ರಿ ಹೊಸ ಸಾಕೆಟ್, ಸಲಾಕೆ, ಹಿಡಿಕೆಗಳನ್ನೂ ಜೊತೆಗೇ ಕೊಟ್ಟನು. ಅವು ತನ್ನ ಪೆಟ್ಟಿಗೆಯಲ್ಲಿ ಅಲ್ಲ, ದೋಣಿಯ ಪೆಟ್ಟಿಗೆಯಲ್ಲಿ ಇರತಕ್ಕವು ಎಂದನು. ಮೊಮ್ಮಗನು ರಟ್ಟಿನ ಹಾಳೆಯ ಮೇಲಿನ ತನ್ನ ಚಿತ್ರದಲ್ಲಿ ಬೂಚಿನ ಸ್ಥಳಕ್ಕೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ, ‘ಇಲ್ಲಿ ಒಂದು, ರೆಕ್ಕೆಯ ಅಡಿಯಲ್ಲಿ ಇನ್ನೊಂದು’ ಎಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದು, ಆ ಹಾಳೆಯನ್ನು ಅದೇ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದನು.