ಕೊಳಚೆ ನೀರಿಗೂ ಒಬ್ಬ ನೀರುಗಂಟಿ ಬೇಕು



ಬೆಂಗಳೂರಿನವರು ಬಚ್ಚಲಿಗೂ ಕಕ್ಕಸಿಗೂ ಬಿಟ್ಟ ನೀರನ್ನು ಶುದ್ಧ ಮಾಡಿದ್ದೇವೆಂದು ಹೇಳಿ, ಪಂಪಿನಲ್ಲಿ ಹತ್ತಿಸಿ, 2018ರ ಜೂನ್ ತಿಂಗಳಲ್ಲಿ ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ಇದು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ. ಜನರ ಬಾಯಲ್ಲಿ ಕೆ.ಸಿ. ವ್ಯಾಲಿ. ದಿನಕ್ಕೆ 44 ಕೋಟಿ ಲೀಟರು ಕೊಡ್ತೇವೆ, 126 ಕೆರೆ ತುಂಬಿಸ್ತೇವೆ ಎಂಬುದು ಆಗಿನ ಲೆಕ್ಕ. ಮರುತಿಂಗಳೇ ನೀರಿನಲ್ಲಿ ನೊರೆ ಎದ್ದಿತು. ಹೈಕೋರ್ಟು ನೀರು ನಿಲ್ಲಿಸಿತು, ಆಮೇಲೆ ಬಿಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ತಡೆ ಬಂತು, ಅದೂ ತೆರವಾಯಿತು. ನೀರು ಹರಿಯಿತು.

ಬತ್ತಿದ ಬಾವಿಗಳಲ್ಲಿ ನೀರು ಕಂಡಿದೆ ಎಂಬುದನ್ನು ಅಲ್ಲಗಳೆಯುವುದು ಬೇಡ. ಸಾವಿರ, ಸಾವಿರದೈನೂರು ಅಡಿ ಬೋರು ಕೊರೆಸಿ, ಧೂಳು ನೋಡಿ, ಸಾಲ ಹೊತ್ತುಕೊಂಡ ರೈತನಿಗೆ ಕೆರೆ ತುಂಬೋದು ಎಂದರೆ ಏನು ಎಂದು ಪೇಟೆಯವರು ನಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಆ ನೀರು ಅಂತರ್ಜಲಕ್ಕೆ ಇಳಿದು ನಾಳೆ ನಮ್ಮ ಬೋರಿನಲ್ಲೇ ಬರುತ್ತದೆ. ಅದನ್ನೇ ನಾವು ಕುಡಿಯೋದು, ದನಕ್ಕೆ ಕುಡಿಸೋದು, ಟೊಮೇಟೊಗೂ ಹಿಪ್ಪುನೇರಳೆಗೂ ಹಾಯಿಸೋದು. ಹಾಗಾಗಿ ಅದು ಎಂಥ ನೀರು ಎಂದು ಕೇಳುವ ಹಕ್ಕು ಮೊದಲು ನಮ್ಮದು.

ಇಷ್ಟು ವರ್ಷ ನಡೆದ ಜಗಳ ಎಲ್ಲಾ ಎರಡನೇ ಹಂತದ ಶುದ್ಧೀಕರಣ ಸಾಕೋ, ಮೂರನೇ ಹಂತ ಬೇಕೋ ಎಂಬುದರ ಮೇಲೆ. ಮೂರನೇ ಹಂತ ಬೇಕು ಎಂಬ ಒತ್ತಾಯ ಸರಿಯಾದದ್ದೇ. ನಾನು ಹೇಳಬೇಕಾದ್ದು ಬೇರೆ. ಎಷ್ಟು ಹಂತದ ಯಂತ್ರ ಕೂರಿಸಿದರೂ ಅದನ್ನು ರಾತ್ರಿ ಎರಡು ಗಂಟೆಗೆ ನಡೆಸುವವನು ಯಾರು, ಅವನಿಗೆ ಸಂಬಳ ಎಷ್ಟು, ಅವನ ಮಾತು ನಡೆಯುತ್ತದೋ ಇಲ್ಲವೋ, ಇದನ್ನು ಯಾರೂ ಕೇಳುತ್ತಿಲ್ಲ. ನಮ್ಮ ಕೆರೆಯ ನೀರಿನ ಗುಣ ತೀರ್ಮಾನ ಆಗೋದು ವಿಧಾನಸೌಧದಲ್ಲಿ ಅಲ್ಲ, ಆ ಪಾಳಿಯಲ್ಲಿ.

ಘಟಕದ ಕೆಲಸ ರೈತನಿಗೆ ಅರ್ಥವಾಗದ್ದೇನಲ್ಲ. ಮೊದಲು ಜಾಲರಿಯಲ್ಲಿ ಕಸ, ಚಿಂದಿ, ಪ್ಲಾಸ್ಟಿಕ್ ತಡೀತಾರೆ. ಮರಳು ಇಳಿಯಲು ಬಿಡ್ತಾರೆ. ಆಮೇಲೆ ನೀರು ದೊಡ್ಡ ತೊಟ್ಟಿಗೆ ಹೋಗುತ್ತದೆ. ಅಲ್ಲಿ ಕೊಳಕನ್ನು ತಿನ್ನುವುದು ಯಂತ್ರ ಅಲ್ಲ, ಕಣ್ಣಿಗೆ ಕಾಣದ ಜೀವಾಣು. ಅದೊಂದು ದನದ ಮಂದೆ ಇದ್ದ ಹಾಗೆ. ಮೇವು ಹದವಾಗಿ ಬೀಳಬೇಕು, ಉಸಿರಾಡಲು ಗಾಳಿ ಬೇಕು. ಬ್ಲೋವರಿನಿಂದ ಗಾಳಿ ಊದಿ, ಒಂದು ಲೀಟರಿನಲ್ಲಿ ಸುಮಾರು 2 ಮಿಲಿಗ್ರಾಂ ಆಮ್ಲಜನಕ ಇರುವಂತೆ ನೋಡಿಕೊಳ್ಳಬೇಕು. ಕೊನೆಯ ತೊಟ್ಟಿಯಲ್ಲಿ ಗಸಿ ತಳಕ್ಕೆ ಕೂತು ಮೇಲಿನ ತಿಳಿ ಹೊರಗೆ ಹೋಗುತ್ತದೆ. ಆ ಗಸಿಯಲ್ಲಿ ಒಂದು ಪಾಲು ಮತ್ತೆ ಮೊದಲಿನ ತೊಟ್ಟಿಗೆ ಬರಬೇಕು, ಹೆಚ್ಚಾದದ್ದನ್ನು ದಿನಾ ತೆಗೆಯಬೇಕು. ತೆಗೆಯದಿದ್ದರೆ ಗಸಿಯೇ ಉಕ್ಕಿ ತಿಳಿಯ ಜೊತೆ ಹೊರಟುಬಿಡುತ್ತದೆ.

ಗಾಳಿ ಹೆಚ್ಚು ಹೊತ್ತು ನಿಂತರೆ ಮಂದೆ ಉಸಿರು ಕಟ್ಟಿ ಸಾಯುತ್ತದೆ. ಮತ್ತೆ ಬೆಳೆಸಿಕೊಳ್ಳಲು ದಿನಗಟ್ಟಲೆ ಬೇಕು. ಅಷ್ಟು ದಿನ ಬರುವುದು ಶುದ್ಧ ಎಂದು ಹೆಸರಿಟ್ಟ ಕೊಳಚೆಯೇ.

ಇನ್ನು ಖರ್ಚಿನ ಲೆಕ್ಕ ನೋಡಿ. ಇಂಥ ಘಟಕ ಸುಡುವ ಕರೆಂಟಿನಲ್ಲಿ ಹೆಚ್ಚುಕಡಿಮೆ ಅರ್ಧ ಈ ಗಾಳಿ ಊದುವುದಕ್ಕೇ ಹೋಗುತ್ತದೆ. ಉಳಿದ ದೊಡ್ಡ ಬಾಬತ್ತುಗಳಲ್ಲಿ ಒಂದು ಕೂಲಿ. ಕಡಿಮೆ ದರ ಕೂಗಿದವನಿಗೆ ಗುತ್ತಿಗೆ ಕೊಟ್ಟರೆ ಅವನು ಉಳಿಸಲು ಕೈಹಾಕುವುದು ಎಲ್ಲಿಗೆ? ಬ್ಲೋವರ್ ಆರಿಸುವುದಕ್ಕೆ, ಇಲ್ಲವೇ ಆಳು ಕಡಿಮೆ ಮಾಡುವುದಕ್ಕೆ. ಎಲ್ಲ ಗುತ್ತಿಗೆದಾರರೂ ಕಳ್ಳರು ಎಂದು ನಾನು ಹೇಳೋದಿಲ್ಲ. ಆದರೆ ಬೇಲಿ ಇಲ್ಲದ ಹೊಲದ ಪಕ್ಕ ಹಸು ಕಟ್ಟಿ, ಮೇಯಬೇಡ ಎಂದರೆ ಆದೀತೆ?

ಆಳಿನ ಲೆಕ್ಕವನ್ನು ಹತ್ತನೇ ತರಗತಿ ಓದಿದವನೂ ಮಾಡಬಹುದು. ವಾರಕ್ಕೆ 168 ಗಂಟೆ. ಒಬ್ಬ ಮನುಷ್ಯ ದುಡಿಯುವುದು 48 ಗಂಟೆ. ಅಂದರೆ ಹಗಲು ರಾತ್ರಿ ನಡೆಯುವ ಒಂದೊಂದು ಜಾಗಕ್ಕೂ ಮೂರೂವರೆ ಆಳು ಬೇಕು. ಕಾಯಿಲೆ, ಹಬ್ಬ, ರಜೆ ಸೇರಿಸಿದರೆ ನಾಲ್ಕಕ್ಕೆ ಕಡಿಮೆ ಸಾಲದು. ಹಾಜರಿ ಪುಸ್ತಕದಲ್ಲಿ ಮೂರೇ ಹೆಸರಿದ್ದರೆ, ಒಂದೋ ಯಾರೋ ರಜೆಯಿಲ್ಲದೆ ಸಾಯುತ್ತಿದ್ದಾರೆ, ಇಲ್ಲವೋ ಯಾವುದೋ ಪಾಳಿಯಲ್ಲಿ ಯಾರೂ ಇಲ್ಲ.

ಸಾಯುತ್ತಿದ್ದಾರೆ ಎಂಬುದು ಬರೀ ಮಾತಲ್ಲ. 2018ರ ಜನವರಿಯಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯ ಕಡೆ ಒಂದು ವಸತಿ ಸಮುಚ್ಚಯದ ಶುದ್ಧೀಕರಣ ಗುಂಡಿಗೆ ಇಳಿದ ಮೂವರು ಉಸಿರುಕಟ್ಟಿ ಸತ್ತರು. ಮಲದ ಗುಂಡಿಗೆ ಮನುಷ್ಯನನ್ನು ಇಳಿಸಬಾರದು ಎಂಬ ಕಾಯಿದೆ 2013ರಲ್ಲೇ ಆಗಿದೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಕೊಡಬೇಕು ಎಂದಿತು. ಪರಿಹಾರದ ಮೊತ್ತ ಏರಿತು, ಗುಂಡಿ ಹಾಗೇ ಇದೆ. ಅದಕ್ಕೆ ಇಳಿಯುವವರು ದಲಿತ ಕೇರಿಯ ಮಕ್ಕಳು, ಸಾಲಕ್ಕೆ ಊರು ಬಿಟ್ಟವರ ಮಕ್ಕಳು. ಅವರು ನಮಗೆ ಹೊರಗಿನವರಲ್ಲ.

ನಮ್ಮ ಕಡೆ ಕೆರೆಗೆ ನೀರುಗಂಟಿ ಎಂಬವನಿದ್ದ. ತೂಬು ಎತ್ತುವವನು, ಇಳಿಸುವವನು ಅವನೇ. ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ಅವನು ಹೇಳಿದ್ದೇ ಮಾತು. ಅವನಿಗೆ ಅಚ್ಚುಕಟ್ಟಿನ ರೈತರು ಸುಗ್ಗಿಯಲ್ಲಿ ಕಣದಿಂದಲೇ ಕಾಳು ಅಳೆದುಕೊಡುತ್ತಿದ್ದರು. ನೀರು ಉಣ್ಣುವವರೇ ಕೂಲಿ ಕೊಡುತ್ತಿದ್ದರಿಂದ ಅವನು ಜವಾಬು ಹೇಳಬೇಕಾದದ್ದೂ ಅವರಿಗೇ. ಈಗ ಘಟಕದ ಆಪರೇಟರನೇ ನಮ್ಮ ಕೆರೆಗಳ ನೀರುಗಂಟಿ. ಆದರೆ ಅವನ ಕೂಲಿ ಗುತ್ತಿಗೆದಾರನ ಕೈಲಿ. ನೀರು ಕೆಟ್ಟಿದೆ, ಪಂಪು ನಿಲ್ಲಿಸಿ ಎಂದು ಅವನು ಹೇಳಿದರೆ ನಾಳೆ ಅವನ ಕೆಲಸ ಉಳಿಯುತ್ತದೆಯೇ?

ನಿಯಮ ಇಲ್ಲವೆಂದಲ್ಲ. ನೀರಿನ ಕೊಳಕನ್ನು ಅಳೆಯುವುದಕ್ಕೆ ಬಿ.ಓ.ಡಿ. ಎಂಬ ಲೆಕ್ಕ ಇದೆ. 2017ರ ಅಕ್ಟೋಬರಿನ ಕೇಂದ್ರದ ನಿಯಮದಲ್ಲಿ ಮಹಾನಗರಕ್ಕೆ ಅದು ಲೀಟರಿಗೆ 20 ಮಿಲಿಗ್ರಾಂ ಮೀರಬಾರದು. 2019ರ ಏಪ್ರಿಲ್‌ನಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಇಳಿಸಿ ಎಂದಿತು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಹಗಲು ಹತ್ತಕ್ಕೆ, ಹೇಳಿಕಳಿಸಿದ ದಿನ ತುಂಬಿದ ಬಾಟಲಿ ರಾತ್ರಿಯ ನೀರಿನ ಸುದ್ದಿ ಹೇಳುತ್ತದೆಯೇ?

ನೀರು ಕೆಟ್ಟರೆ ನಷ್ಟ ಯಾರಿಗೆ? ಗುತ್ತಿಗೆದಾರನಿಗೆ ಬಹಳ ಆದರೆ ಒಂದು ದಂಡ. ಕೊಳಚೆ ನೀರಿನ ಬೆಳೆ ಎಂಬ ಒಂದು ಮಾತು ಮಂಡಿಯಲ್ಲಿ ಹಬ್ಬಿದರೆ ಸಾಕು, ನಮ್ಮ ಟೊಮೇಟೊ ಕ್ರೇಟಿನ ರೇಟು ಅಲ್ಲೇ ಬೀಳುತ್ತದೆ. ಬ್ಯಾಂಕಿನವನು ಕಂತು ಕೇಳುವಾಗ ನೀರಿನ ಗುಣ ವಿಚಾರಿಸುವುದಿಲ್ಲ. 1980ರಲ್ಲಿ ನರಗುಂದ, ನವಲಗುಂದದ ರೈತರು ನೀರೇ ಬಾರದ ಕಾಲುವೆಗೆ ಕರ ಯಾಕೆ ಎಂದು ಕೇಳಿದರು. ನಾವು ಇವತ್ತು ಕೇಳಬೇಕಾದ್ದು, ಬಂದ ನೀರಿಗೆ ಹೊಣೆ ಯಾರು ಎಂದು.

ಆದುದರಿಂದ ನಮ್ಮ ಬೇಡಿಕೆ ಹೀಗಿರಲಿ:

1. ಘಟಕದ ಆಪರೇಟರು, ಫಿಟ್ಟರು, ಪ್ರಯೋಗಶಾಲೆಯವರು ಖಾಯಂ ನೌಕರರಾಗಬೇಕು, ತರಬೇತಿ ಪಡೆದವರಾಗಿರಬೇಕು. ಪ್ರತಿ ಜಾಗಕ್ಕೆ ನಾಲ್ಕು ಆಳು.

2. ಬ್ಲೋವರ್ ಎಷ್ಟು ಗಂಟೆ ಓಡಿತು, ಕರೆಂಟು ಎಷ್ಟು ಹೊತ್ತು ಹೋಯಿತು, ಗಸಿ ಎಷ್ಟು ತೆಗೆದರು ಎಂಬ ದಿನದ ಪುಸ್ತಕದ ನಕಲು ಪ್ರತಿ ಕೆರೆಯ ಗ್ರಾಮ ಪಂಚಾಯಿತಿ ಗೋಡೆಗೆ ಅಂಟಬೇಕು, ಕನ್ನಡದಲ್ಲಿ.

3. ನೀರಿನ ಮಾದರಿ ತೆಗೆಯುವುದು ಕೆರೆಯ ಬಾಯಲ್ಲಿ, ಮುನ್ಸೂಚನೆ ಇಲ್ಲದೆ, ಇಬ್ಬರು ರೈತರ ಎದುರಿಗೆ. ಗುತ್ತಿಗೆಯ ಹಣ ಆ ಫಲಿತಾಂಶದ ಮೇಲೆ.

4. ನೀರು ಕೆಟ್ಟ ಗಳಿಗೆಯಲ್ಲಿ ಪಂಪು ನಿಲ್ಲಿಸುವ ಅಧಿಕಾರ ಪಾಳಿಯ ಆಪರೇಟರಿಗೇ ಇರಬೇಕು. ನಿಲ್ಲಿಸಿದ್ದಕ್ಕೆ ಅವನನ್ನು ಕೆಲಸದಿಂದ ತೆಗೆಯಕೂಡದು.

5. ಗುಂಡಿಗೆ ಯಾರೂ ಇಳಿಯಕೂಡದು.

ದುಡ್ಡೆಲ್ಲಿ ಎಂದು ಕೇಳ್ತಾರೆ. ಕೊಳಕು ಮಾಡಿದವರು ಕೊಡಲಿ. ಬೆಂಗಳೂರಿನ ನೀರಿನ ಬಿಲ್ಲಿನಲ್ಲಿ ಒಳಚರಂಡಿಗೆ ಎಂದು ಹಣ ವಸೂಲಾಗುತ್ತದೆ, ಅದರ ಲೆಕ್ಕವನ್ನೂ ಬಿಚ್ಚಿಡಲಿ.

ಪ್ರತಿ ಕೆರೆಯ ಊರಿನಿಂದ ಇಬ್ಬಿಬ್ಬರು ಸೇರಿ ಘಟಕಕ್ಕೆ ಹೋಗೋಣ, ಇಂಜಿನಿಯರ ಕೊಠಡಿಗಲ್ಲ, ತೊಟ್ಟಿಯ ಬಳಿಗೆ. ಲೀಟರಿನ ಗಾಜಿನ ಕೊಳವೆಯಲ್ಲಿ ಆ ನೀರು ತುಂಬಿ ಅರ್ಧ ಗಂಟೆ ಇಟ್ಟು, ಗಸಿ ಎಷ್ಟು ಕೂರುತ್ತದೆ ಎಂದು ನೋಡುವ ಪರೀಕ್ಷೆ ಅಲ್ಲಿ ದಿನಾ ನಡೆಯಬೇಕು. ಅದನ್ನು ನಮ್ಮ ಎದುರು ಮಾಡಿ ತೋರಿಸಿ ಎಂದು ಕೇಳೋಣ. ರಾತ್ರಿ ಪಾಳಿಯ ಪುಸ್ತಕ ತೆರೆಸೋಣ. ಪಾಳಿಯ ಹುಡುಗನ ಜೊತೆ ಕೂತು ಮಾತಾಡೋಣ. ಅವನ ಪರವಾಗಿ ಸಂಘ ನಿಂತಿದೆ ಎಂದು ಅವನಿಗೆ ಗೊತ್ತಾಗಲಿ.