ಮಾವನ ಜೀಪು ಮಾರ್ಗಲ್ಲೇ ಓಡಲಿ

ಹಳೆ ಜೀಪಿನ ಸರಿ ಮಾಡ್ಸುವ ಮರ್ಲು ಈಗ ನಮ್ಮ ಊರಿಲಿ ಸುಮಾರು ಮನೆಗೊಕ್ಕೆ ಹಿಡುದ್ದು. ಎಂಗಳ ಮನೆಗೂ ಬಯಿಂದು. ಮರ್ಲು ಹೇಳಿ ಆನು ನೆಗೆ ಮಾಡ್ತದಲ್ಲ ಅಕ್ಕಂದಿರೇ, ಕೆಲಸ ಮಾಡೆಕ್ಕಾದ್ದೇ. ಆದರೆ ಎಂತಕೆ ಸರಿ ಮಾಡ್ಸುದು ಹೇಳಿ ಮನೆಯವು ಎಲ್ಲೋರೂ ಕೂದು ಮದಾಲು ಮಾತಾಡೆಕ್ಕು, ಹೆಮ್ಮಕ್ಕಳೂ ಸೇರಿ. ಜಾಲಿಲಿ ನಿಲ್ಸಿ ನೋಡ್ಲೋ, ಮಾರ್ಗಲ್ಲಿ ಓಡುಸಲೋ? ಎನ್ನ ಕೇಳಿರೆ ಓಡುಸಲೆ.

ಎಂಗಳದ್ದು 1972ರ ಸಿ.ಜೆ. 3ಬಿ, ಬಾನೆಟ್ಟು ಎತ್ತರ ಇಪ್ಪದು. ಆ ಎತ್ತರ ಚೆಂದಕ್ಕೆ ಬೇಕಾಗಿ ಬಂದದಲ್ಲ. ಅಮೇರಿಕದ ವಿಲ್ಲೀಸ್ ಕಂಪೆನಿಯವು ಹರಿಕೇನ್ ಹೇಳ್ತ ಹೊಸ ಇಂಜಿನು ಕೂರ್ಸುವಗ ಹಳೆ ಬಾನೆಟ್ಟಿನ ಅಡಿಲಿ ಅದು ಹಿಡಿಯದ್ದೆ ಎತ್ತರ್ಸಿದ್ದಡ. ಅಲ್ಲಿ ಅದರ ಮಾಡುದು 1968ಕ್ಕೆ ನಿಂದರೂ, ನಮ್ಮ ದೇಶಲ್ಲಿ ಮಹೀಂದ್ರದವು ಮತ್ತೆಯೂ ಸುಮಾರು ವರ್ಷ ಮಾಡಿದವು. ಮಾವ° ಸೆಕೆಂಡ್ ಹ್ಯಾಂಡಿಲಿ ತಂದದು. ಪೆಟ್ರೋಲು ತುಂಬ ಕುಡಿತ್ತು ಹೇಳಿ 1986ರಲ್ಲಿ ಡೀಸೆಲ್ ಇಂಜಿನು ಹಾಕ್ಸಿ, ಅದರ ಆರ್‌ಸಿಲಿಯೂ ಬರೆಶಿದವು. ಅಡಕ್ಕೆ ಗೋಣಿ, ಗೊಬ್ಬರ, ಜೆಂಬರದ ಪಾತ್ರಂಗೊ, ಹೆರಿಗೆ ಬೇನೆ ಬಂದ ನೆರೆಕರೆಯ ಹೆಮ್ಮಕ್ಕೊ, ಎಲ್ಲವನ್ನೂ ಈ ಜೀಪು ಮಳೆಗಾಲದ ಕೆಸರಿಲಿ ಚಡವು ಹತ್ಸಿದ್ದು. ಹಿಂದಾಣ ಉದ್ದ ಸೀಟಿಲಿ, ಮೊಟ್ಟೆಲಿ ಮಕ್ಕಳ ಕೂರ್ಸಿ, ಕಾಲಡಿಲಿ ಬೆಲ್ಲದ ಡಬ್ಬಿ ಮಡಿಕ್ಕೊಂಡು ಹೋದ್ದು ನಿಂಗೊಗೂ ನೆಂಪಿಕ್ಕು.

ಈ ಸರ್ತಿ ಮಗ° ಬೆಂಗ್ಳೂರಿಂದ ರಜೆಲಿ ಬಂದು ಬಿಚ್ಚಲೆ ಸುರು ಮಾಡಿದ°. ಬಿಚ್ಚುದು ಸುಲಭ, ಬಿಚ್ಚಿದ್ದರ ಲೆಕ್ಕ ಮಡುಗುದೇ ಬಂಙ. ನಟ್ಟು ಬೋಲ್ಟುಗಳ ಡೀಸೆಲಿಲಿ ತೊಳದು, ಯಾವದು ಎಲ್ಲಿಯಾಣದ್ದು ಹೇಳಿ ಚೀಟಿ ಬರದು, ಉಪ್ಪಿನಕಾಯಿಯ ಖಾಲಿ ಕುಪ್ಪಿಲಿ ಹಾಕಿ ಮಡಗಿದ್ದು ಆನು. 43 ಕುಪ್ಪಿ ಆತು! ಮಗಳು ಎಮರಿ ಕಾಗದಲ್ಲಿ ತುಕ್ಕು ತಿಕ್ಕಿತ್ತು. ಎಂಗಳ ಮನೆಯವು ಸ್ಟೂಲಿಲಿ ಕೂದು ಮಾವನ ಕಾಲದ ಕತೆ ಹೇಳಿದವು. ಅದನ್ನೂ ಒಂದು ಕೆಲಸ ಹೇಳಿ ಲೆಕ್ಕಕ್ಕೆ ತೆಕ್ಕೊಂಬ. ತುಕ್ಕು ಹೋದ ಮತ್ತೆ ಗೊಂತಾತು, ಮೇಗಾಣ ತಗಡು ಗಟ್ಟಿ ಇದ್ದು, ಅಡಿಯಾಣ ಚಾಸಿಯ ಅಡ್ಡಪಟ್ಟಿ ತುಕ್ಕು ತಿಂದು ಪೊಳ್ಳಾಯಿದು. ಮದಾಲು ಬಣ್ಣ ಬಳುದ್ದರೆ ಅದು ಆರ ಕಣ್ಣಿಂಗೂ ಬೀಳ್ತಿತಿಲ್ಲೆ.

ಚರ್ಚೆ ಇಪ್ಪದು ಇನ್ನು. ಜೀಪು 50 ವರ್ಷ ದಾಂಟಿದ್ದು, ವಿಂಟೇಜ್ ಹೇಳಿ ರಿಜಿಸ್ಟ್ರಿ ಮಾಡ್ಸೆಕ್ಕು ಹೇಳಿ ಮಗಂಗೆ ಆಶೆ. ಅದಕ್ಕೆ ಬೇಕಾಗಿ ಡೀಸೆಲ್ ಇಂಜಿನು ತೆಗದು, ಹರಿಕೇನಿನ ಎಲ್ಲಿಂದಾದರೂ ಹುಡ್ಕಿ ತಪ್ಪದಡ. 2021ರಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮಲ್ಲಿ, 50 ವರ್ಷ ಕಳುದ, ಮೂಲರೂಪಲ್ಲೇ ಇಪ್ಪ ಗಾಡಿಗೆ 'ವಿಎ' ಅಕ್ಷರದ ಬೇರೆ ನಂಬ್ರ ಸಿಕ್ಕುತ್ತು. ಕೇಳ್ಲೆ ಚೆಂದವೇ. ಅದೇ ನಿಯಮದ ಇನ್ನೊಂದು ಭಾಗವ ಆನು ಓದಿ ಹೇಳಿದೆ: ಆ ನಂಬ್ರದ ಗಾಡಿಯ ಪ್ರದರ್ಶನಕ್ಕೆ, ರ್‍ಯಾಲಿಗೆ, ಎಣ್ಣೆ ತುಂಬುಸಲೆ, ರಿಪೇರಿಗೆ, ಇಂಥದ್ದಕ್ಕೆ ಮಾಂತ್ರ ಮಾರ್ಗಕ್ಕೆ ಇಳುಶಲಕ್ಕು. ದಿನನಿತ್ಯದ ಓಡಾಟಕ್ಕೆ ಆಗ. ಅಂಬಗ ಅಡಕ್ಕೆ ಗೋಣಿಯ ತಲೆಲಿ ಹೊರುದೋ? ಆ ಇಂಜಿನಿಂಗೆ ಹೋಪ ಪೈಸೆಲಿ ಬ್ರೇಕು, ಸ್ಟಿಯರಿಂಗು, ಚಾಸಿ ಮೂರೂ ಸರಿಯಕ್ಕು. ಸಾಮಾನ್ಯ ಗಾಡಿಯಾಗಿ ಒಳುದರೆ 5 ವರ್ಷಕ್ಕೊಂದರಿ ಆರ್‌ಟಿಒ ಆಫೀಸಿಂಗೆ ಕೊಂಡೋಗಿ ತೋರ್ಸಿ ನೋಂದಣಿ ಹೊಸತ್ತು ಮಾಡ್ಸೆಕ್ಕು, ಅಷ್ಟೆ.

ಮಗ° 'ಒರಿಜಿನಲ್' ಹೇಳ್ತ°. ಮಾವ° ಹಾಕ್ಸಿದ ಇಂಜಿನು 35 ವರ್ಷಂದ ಮೇಲೆ ಎಂಗಳ ಹೊತ್ತಿದು. ಎನಗೆ ಅದೇ ಒರಿಜಿನಲ್ಲು.

ಇನ್ನೊಂದು ಮಾತು ಗೆಂಡುಮಕ್ಕೊಗೆ ರಜ ಕೈಕ್ಕೆ ಅಕ್ಕು. ಎಷ್ಟೋ ಮನೆಲಿ ಜೀಪು ಇದ್ದು, ಹೆಮ್ಮಕ್ಕೊ ಇದ್ದವು, ಆದರೆ ಇರುಳು ಆರಿಂಗಾದರೂ ಎದೆಬೇನೆ ಬಂದರೆ ಪೇಟೆಂದ ಆಟೋ ಬಪ್ಪನ್ನಾರ ಕಾಯೆಕ್ಕು! ಎಂಗಳ ಅತ್ತೆಗೆ ಹಾಂಗೇ ಆತು. ಗೆಂಡುಮಕ್ಕೊ ಉಪ್ನಾನಕ್ಕೆ ಹೋಗಿತ್ತವು. ಜೀಪು ಕೊಟ್ಟಗೆಲಿ ಇತ್ತು, ಚಾವಿ ಆಣಿಲಿ ನೇಲಿಗೊಂಡು ಇತ್ತು. ಆಟೋ ಬಪ್ಪಗ ಮುಕ್ಕಾಲು ಗಂಟೆ. ಅತ್ತೆಯ ಕೈ ಹಿಡ್ಕೊಂಡು ಜೆಗಿಲಿಲಿ ಕೂದ ಆ ಮುಕ್ಕಾಲು ಗಂಟೆ ಎನಗೆ ಇನ್ನೂ ಮರದ್ದಿಲ್ಲೆ. ಅತ್ತೆ ಒಳುದವು, ದೇವರ ದಯೆ.

ಹಾಂಗಾಗಿ ಎನ್ನ ಪಟ್ಟಿಲಿ ಬ್ರೇಕಿನ ಮತ್ತೆ ಬಪ್ಪದು ಡ್ರೈವರಿನ ಸೀಟು. ಅದು ಮುಂದೆ ಹಿಂದೆ ಅಪ್ಪ ಹಾಂಗೆ ಆಯೆಕ್ಕು, ಈಗ ಎನ್ನ ಕಾಲು ಕ್ಲಚ್ಚಿಂಗೆ ಎತ್ತುತ್ತಿಲ್ಲೆ. ಮಗಳಿಂಗೆ ಲೈಸೆನ್ಸು ಇದ್ದು. ಎನಗೆ ಮೊನ್ನೆ ಎಲ್ಲೆಲ್ ಬಂತು. ಈ ಪ್ರಾಯಲ್ಲಿ ಎಂತಕೆ ಹೇಳಿ ಕೇಳಿದವಕ್ಕೆ ಆನು ಅತ್ತೆಯ ಕತೆಯನ್ನೇ ಹೇಳಿದ್ದು.

ಖರ್ಚಿನ ಲೆಕ್ಕ ಎನ್ನ ಪುಸ್ತಕಲ್ಲಿ ಇದ್ದು. ಈವರೆಗೆ 68,000 ಆಯಿದು, ಬಣ್ಣಕ್ಕೂ ಅಗಲದ ಟಯರಿಂಗೂ ಒಂದು ಪೈಸೆ ಹೋಯಿದಿಲ್ಲೆ. ಬಪ್ಪ ಸೋಮವಾರ ಚಾಸಿ ವೆಲ್ಡಿಂಗಿಂಗೆ ಹೋವ್ತು. ಇಂಜಿನಿನ ವಿಷಯಲ್ಲಿ ಮಗ° ಇನ್ನೂ ಒಪ್ಪಿದ್ದ°ಯಿಲ್ಲೆ, "ಆಲೋಚನೆ ಮಾಡ್ತೆ ಅಬ್ಬೇ" ಹೇಳಿ ಫೋನು ಮಡಗಿದ°. ಮಾಡಲಿ. ಬಣ್ಣದ ಮಾತು ಮಳೆ ಬಿಟ್ಟ ಮತ್ತೆ.