ಯಾರ ಕಡೀಂದ ಬಂದೀ?

ರಾಯಚೂರು ಜಿಲ್ಲೆಯಲ್ಲಿ ಗುತ್ತಿಗೆ ಕೆಲಸ ಕೇಳಿ ಹೋದವನಿಗೆ ಮೊದಲು ಬೀಳುವ ಪ್ರಶ್ನೆ ಇದು. ಓದು ಎಷ್ಟು, ಕಸುಬು ಏನು, ಆಮೇಲೆ. ಧಣಿಯ ಫೋನು ಬಂದರೆ ಗೇಟ್ ಪಾಸು. ಚುನಾವಣೆ ಬಂದಾಗ ಆ ಋಣಕ್ಕೆ ಬಾವುಟ ಹಿಡಿಯಬೇಕು. ಪಿಎಫ್ ಎಲ್ಲಿ ಎಂದು ಬಾಯಿಬಿಟ್ಟರೆ 'ನಿನ್ನ ಪಾಸ್ ರಿನ್ಯೂ ಆಗಿಲ್ಲಪಾ, ನಾಳಿಂದ ಬರಬ್ಯಾಡ'. ಕರೆಂಟು ಸ್ಥಾವರದಲ್ಲಿ ಹತ್ತು ವರ್ಷ ಬೂದಿ ಬಳಿದವನಿಗೂ ಟೆಂಡರಿಗೊಬ್ಬ ಹೊಸ ಗುತ್ತೇದಾರ, ಮತ್ತೆ ಸೊನ್ನೆಯಿಂದ ಸರ್ವೀಸು. ಧಣಿ ಯಾವ ಪಕ್ಷ ಅಂತ ಕೇಳಬೇಡಿ. ಸರ್ಕಾರದ ಜೊತೆ ಅವನ ಶಾಲೂ ಬದಲಾಗುತ್ತದೆ.

1985ರಿಂದ ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ನಾಡಿಗೆ ಕರೆಂಟು ಕೊಡುತ್ತಿದೆ: ಎಂಟು ಘಟಕ, 1,720 ಮೆಗಾವ್ಯಾಟ್. ಹಾರುಬೂದಿ ನಮ್ಮ ಪಾಲು. ಯರಮರಸ್‌ನಲ್ಲಿ 800 ಮೆಗಾವ್ಯಾಟಿನ ಎರಡು ಘಟಕ ಕಟ್ಟಿದ್ದು ಸರ್ಕಾರಿ ಕಂಪನಿ; ನಡೆಸುವ ಗುತ್ತಿಗೆ ಖಾಸಗಿಯವರಿಗೆ. ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿ ಬಂದಾಗ ಪಟಾಕಿ ಹೊಡೆದೆವು, ಡಿ ದರ್ಜೆಯ ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ 85 ಸ್ಥಳೀಯರಿಗಂತ. ಕಸ ಗುಡಿಸುವ, ಕಾವಲು ಕಾಯುವ ಕೆಲಸವನ್ನೇ ಹೊರಗುತ್ತಿಗೆಗೆ ಹಾಕಿದ ಮೇಲೆ ಆ 85 ಯಾವುದರಲ್ಲಿ 85?

ಈ ಧಣಿ-ಋಣದ ವ್ಯವಹಾರವನ್ನು ಊರ ಪುಡಾರಿಗಳ ಚಿಲ್ಲರೆ ದಂಧೆ ಅಂದುಕೊಂಡರೆ ಮೋಸ ಹೋದಿರಿ. ದಿಲ್ಲಿಯಲ್ಲಿ ಇದಕ್ಕೆ ಚುನಾವಣಾ ಬಾಂಡ್ ಎಂಬ ಮರ್ಯಾದಸ್ಥ ಹೆಸರಿತ್ತು. ಪಕ್ಷಗಳಿಗೆ ಕಂಪನಿ ಕೊಡುವ ದೇಣಿಗೆಗೆ ಲಾಭದ ಶೇ 7.5ರ ಮಿತಿಯಿತ್ತು, 2017ರಲ್ಲಿ ಅದನ್ನೂ ಕಿತ್ತರು, ಯಾವ ಪಕ್ಷಕ್ಕೆ ಕೊಟ್ಟೆವೆಂದು ಹೇಳುವ ಕಟ್ಟಳೆಯನ್ನೂ ಕಿತ್ತರು. ಸುಪ್ರೀಂ ಕೋರ್ಟ್ ಬಾಂಡನ್ನು ರದ್ದು ಮಾಡಿದ್ದು 2024ರ ಫೆಬ್ರವರಿ 15ಕ್ಕೆ. ಅಷ್ಟರಲ್ಲಿ, 2023ರಲ್ಲಿ, ಕಂಪನಿಗಳಿಗೆ ಅನುಕೂಲವಾಗುವಂತೆ ನಮ್ಮ ವಿಧಾನಸೌಧ ಕಾರ್ಖಾನೆಯ ದಿನವನ್ನು 12 ತಾಸಿನವರೆಗೆ ಹಿಗ್ಗಿಸಿತ್ತು. ಮೂರು ತಿಂಗಳ ಓಟಿ ಮಿತಿ 75ರಿಂದ 145 ತಾಸಿಗೆ ಏರಿತು. ತಂದ ಪಕ್ಷ ಇಳಿಯಿತು, ಕಾಯ್ದೆ ಇಳಿಯಲಿಲ್ಲ. ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕಿತ್ತಂತೆ! ಧಣಿಯ ಫೋನಿನಿಂದ ಒಳಗೆ ಬಂದವನು ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತದೆ ಎಲ್ಲಿಗೆ ಹೋದಾನು?

ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲಿಗೆ ಆ ಕಾಗದವೂ ಇಲ್ಲ. ಗಿರಣಿಯೂ ಸಾಹುಕಾರಂದು, ಪಕ್ಷವೂ ಸಾಹುಕಾರಂದು. ಸೊಂಟ ಮಾತ್ರ ಹಮಾಲಿದು. ದೇವದುರ್ಗದ ಹುಡುಗರು ಇದನ್ನೆಲ್ಲ ಕಂಡೇ ಗುಳೆ ಹೋಗುತ್ತಾರೆ, ಬೆಂಗಳೂರಿನ ಕಟ್ಟಡಗಳಿಗೆ. ಅಲ್ಲಿ ಬಿದ್ದು ಸತ್ತರೆ ಹೆಣ ಊರಿಗೆ ಮುಟ್ಟಿಸಲೂ ಗುತ್ತೇದಾರನ ಕಾಲು ಹಿಡಿಯಬೇಕು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು. 20 ಜನರಿದ್ದರೆ ಅನ್ವಯಿಸುತ್ತಿದ್ದ ಗುತ್ತಿಗೆ ಕಾನೂನಿಗೆ ಈಗ 50 ಜನ ಬೇಕು. 49ರ ತುಂಡು ಟೆಂಡರು ಹೇಗೆ ಮಾಡುವುದೆಂದು ನಮ್ಮ ಧಣಿಗಳಿಗೆ ಯಾರೂ ಕಲಿಸಬೇಕಿಲ್ಲ. ಶಾಸಕರೇ, ಕಾರ್ಮಿಕ ದಿನದ ಹಾರ ಆಮೇಲೆ ಹಾಕಿಸಿಕೊಳ್ಳಿ. ಜಿಲ್ಲೆಯ ಗುತ್ತೇದಾರರ ಪಟ್ಟಿಯನ್ನು ಜಿಲ್ಲಾಧಿಕಾರಿ ಕಚೇರಿಯ ಗೋಡೆಗೆ ಅಂಟಿಸಿ. ಹೆಸರಿನ ಮುಂದೆ ಯಾರ ಅಳಿಯ, ಯಾರ ಭಾಮೈದ ಅನ್ನುವ ಕಾಲಮ್ಮೂ ಇರಲಿ.